ಮೂರು ಕೋಣೆ, ಫರಸಿ ನೆಲ

ರಬಕವಿ, ೩ ಎಪ್ರಿಲ್ ೧೯೩೬, ಶುಕ್ರವಾರ

ಇವತ್ತೂ ಒಬ್ಬ ನೇಕಾರ ಕೋಣೆ ನೋಡಿ ಹೋದ. ಹೊಸ್ತಿಲಲ್ಲೇ ನಿಂತ. ನೆಲ ನೋಡಿದ, ಜೊತೆಗೆ ಬಂದ ಹೆಂಡತಿಯ ಮುಖ ನೋಡಿದ. "ಮತ್ತ ಬರ್ತೇವ್ರಿ" ಎಂದ. ಹೀಗೆ ಹೇಳಿ ಹೋದವರಲ್ಲಿ ಇವನು ಏಳನೆಯವನು. ತಿರುಗಿ ಬಂದವರು ಯಾರೂ ಇಲ್ಲ.

ಏನು ಕೊರತೆ ಈ ಕೋಣೆಗಳಿಗೆ? ಕಲ್ಲಿನ ಗೋಡೆ. ಹೊಸ ಹಂಚು. ಓಣಿಯಲ್ಲಿ ಎಲ್ಲರದೂ ಸೆಗಣಿ ಸಾರಿಸಿದ ನೆಲ, ನನ್ನದು ಕಲ್ಲಿನ ಫರಸಿ. ಎರಡು ರೂಪಾಯಿ ಬಾಡಿಗೆ ಹೆಚ್ಚಾಯಿತೇನೋ ಎಂದು ಒಂದೂಮುಕ್ಕಾಲಿಗೆ ಇಳಿಸಿದೆ. ಅದೇ ಮಾತು.

ಹದಿನೆಂಟು ವರ್ಷ ಜಮಖಂಡಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಗಂಟಲು ಹರಿದುಕೊಂಡ ದುಡ್ಡು. ಆರುನೂರಾ ನಲವತ್ತು ರೂಪಾಯಿ ಇದಕ್ಕೆ ಹಾಕಿದೆ. ನಾಲ್ಕು ಕೋಣೆ — ಒಂದರಲ್ಲಿ ನಾನು, ಮೂರು ಬಾಡಿಗೆಗೆ. ತಿಂಗಳಿಗೆ ಆರು ರೂಪಾಯಿ ಬಂದರೆ ಯಾರ ಹಂಗೂ ಇಲ್ಲ ಎಂದುಕೊಂಡಿದ್ದೆ. ಮಕ್ಕಳಿಗೆ ಲೆಕ್ಕ ಕಲಿಸುತ್ತಿದ್ದವಳೂ ನಾನೇ.

೧೨ ಎಪ್ರಿಲ್, ರವಿವಾರ

ಘರಪಟ್ಟಿಯ ಕಾರಕೂನ ನಿನ್ನೆ ಬಂದು ಅಳತೆ ಹಿಡಿದ. "ಫರಸಿ ಐತಲ್ರಿ, ಪಕ್ಕಾ ಮನಿ ಆತು." ಮನೆಯ ತೆರಿಗೆ ಏರಿತು. ಒಳಗೆ ಮನುಷ್ಯರೇ ಇಲ್ಲ, ಯಾತಕ್ಕೆ ಪಟ್ಟಿ ಎಂದು ಕೇಳಿದೆ. "ಕೋಣಿ ಐತಲ್ರಿ" ಎಂದ.

೧೯ ಎಪ್ರಿಲ್, ರವಿವಾರ

ತೇರದಾಳದಿಂದ ತಮ್ಮ ಬಂದಿದ್ದ. ಊರಿಗೆಲ್ಲ ತಾತ್ಯಾಸಾಹೇಬ. ನೂಲಿನ ವ್ಯಾಪಾರಿ, ಇಲ್ಲಿಯ ಅರ್ಧ ಮಗ್ಗಗಳಿಗೆ ಅವನದೇ ನೂಲು. ನಾನಿನ್ನೂ ಜಮಖಂಡಿಯಲ್ಲಿದ್ದಾಗ ನಿಂತು ಕಟ್ಟಿಸಿದವನು ಅವನೇ. ಫರಸಿ ಹಾಕಿಸೋಣ, ಬಾಡಿಗೆ ಏರುತ್ತದೆ ಎಂದು ಬರೆದವನೂ ಅವನೇ. ತೊಂಬತ್ತು ರೂಪಾಯಿ ಹೆಚ್ಚಿಗೆ ಕಳಿಸಿದ್ದೆ.

"ಬಾಡಿಗಿ ಮಂದಿ ಹಿಂದ ಅಡ್ಡ್ಯಾಡೂದು ನಿನ್ನ ಕೆಲಸಲ್ಲಕ್ಕಾ. ಕೋಣಿ ನನಗ ಕೊಡು. ನೀ ಹಾಕಿದ್ದರಾಗ ಅರ್ಧಾ ಕೊಡ್ತೇನಿ. ಮನಿಗೆ ನಡಿ, ಆರಾಮ ಇರು."

ಅರ್ಧವಂತೆ. ಆರಾಮವಂತೆ. ಗಂಡ ಸತ್ತ ಮೇಲೆ, ಶಾಲೆಯ ನೌಕರಿ ಸಿಗುವ ಮೊದಲು, ಆರು ವರ್ಷ ಆ ಮನೆಯಲ್ಲಿ ರೊಟ್ಟಿ ಬಡಿದಿದ್ದೇನೆ. ವರ್ಷಕ್ಕೆ ಎರಡು ಸೀರೆ, ಅವೂ ತಮ್ಮನ ಹೆಂಡತಿ ಉಟ್ಟು ಬಿಟ್ಟವು. ಬಸದಿಗೆ ಹೋಗಲೂ ಅವಳನ್ನು ಕೇಳಬೇಕು. ಮತ್ತೆ ಅಲ್ಲಿಗೆ ಹೋಗಲಾರೆ. ಪೋಸ್ಟಿನ ಪುಸ್ತಕದಲ್ಲಿ ಉಳಿದದ್ದು ಹನ್ನೊಂದು ರೂಪಾಯಿ... ಜೂನ್‌ವರೆಗೆ ಸಾಕು. ಆಮೇಲೆ ತೇರದಾಳವೇ ಗತಿ.

೧೧ ಮೇ, ಸೋಮವಾರ

ಮೂರು ವಾರ ಬರೆದಿಲ್ಲ. ಬರೆಯುವಂಥದ್ದು ಏನಿತ್ತು.

ಇವತ್ತು ಬನಹಟ್ಟಿಯಿಂದ ಮುರಗೆಪ್ಪ, ಅವನ ಹೆಂಡತಿ ಅನಸವ್ವ. ಸೀರೆ ನೇಯುವವರು. ಇವರೂ ಹೊಸ್ತಿಲಲ್ಲಿ ನಿಂತು ನೆಲ ನೋಡತೊಡಗಿದರು. ನನಗೆ ತಲೆ ಕೆಟ್ಟಿತು. ಅಡ್ಡ ನಿಂತೆ.

"ಏನ್ ಕಡಿಮಿ ಆಗೇತಿ ಅಂತ ಹೇಳಿ ಹೋಗ್ರಿ."

ಮುರಗೆಪ್ಪ ತಲೆ ಕೆರೆದುಕೊಂಡ. "ಕೋಣಿ ಛಲೋ ಐತ್ರಿ ಬಾಯಾರ. ಆದ್ರ ಕಾಲ ಎಲ್ಲಿ ಇಳಿಬಿಡಲಿ?"

ತಿಳಿಯಲಿಲ್ಲ. ಅನಸವ್ವ ಕೈಹಿಡಿದು ಎದುರು ಮನೆಗೆ ಕರೆದೊಯ್ದು ತೋರಿಸಿದಳು. ಮಗ್ಗ ನಾನು ನೋಡದ್ದಲ್ಲ. ನೇಯುವವನ ಕೈ ನೋಡಿದ್ದೆ, ಕಾಲು ಎಲ್ಲಿರುತ್ತವೆಂದು ನೋಡಿರಲಿಲ್ಲ. ನೆಲದಲ್ಲಿ ಕುಣಿ ತೋಡಿ, ಅದರಲ್ಲಿ ಕಾಲು ಬಿಟ್ಟು ತುಳಿಯುತ್ತಾರೆ. ಮಗ್ಗದ ಗೂಟ ನೆಡಲು ಮಣ್ಣು ಬೇಕು. ಮಣ್ಣಿನ ತಂಪಿಲ್ಲದಿದ್ದರೆ ಬೇಸಿಗೆಯಲ್ಲಿ ಎಳೆ ಹರಿಯುತ್ತಲೇ ಇರುತ್ತದಂತೆ.

"ನಾಕ ಫರಸಿ ಕೀಳಸ್ರಿ, ನಾಳೇನ ಬರ್ತೇವಿ" ಎಂದಳು.

ತೊಂಬತ್ತು ರೂಪಾಯಿಯ ಕಲ್ಲು. ಆಗುವುದಿಲ್ಲ ಎಂದೆ. ಹೋದರು.

೧೩ ಮೇ, ಬುಧವಾರ

ಎರಡು ದಿನ ನನ್ನ ದಡ್ಡತನಕ್ಕೆ ನಾನೇ ಉರಿದೆ. ಇವತ್ತು ಗೌಂಡಿ ವಿಠೋಬಾನನ್ನು ಕರೆಸಿದೆ. ಕೋಣೆ ಕಟ್ಟಿದವನು ಅವನು. ಕಿತ್ತರೆ ಎಷ್ಟು ಕಲ್ಲು ಒಡೆಯುತ್ತವೆ ಕೇಳೋಣವೆಂದು.

"ನೇಕಾರ ಓಣ್ಯಾಗ ಫರಸಿ ಹಾಕಿದ್ಯಲ್ಲೋ, ನಿನಗೂ ತಿಳೀಲಿಲ್ಲೇನು?"

"ತಿಳೀದ ಏನ್ರಿ ಬಾಯಾರ. ಕೇಳಿದ್ದೆ. ಮಗ್ಗಕ್ಕಲ್ಲೋ, ನೂಲಿನ ಗೋದಾಮಕ್ಕ, ಗಂಟಿಗೆ ಹಸಿ ಏರಬಾರದು ಅಂದ್ರು ತಾತ್ಯಾಸಾಹೇಬ್ರು. ನಿಮಗ ಗೊತ್ತೈತಿ ಅಂತ ತಿಳಕೊಂಡಿದ್ದೆ."

ನನ್ನ ದುಡ್ಡು, ಅವನ ಗೋದಾಮು. ಕೋಣೆ ಖಾಲಿ ಬಿದ್ದರೆ ಅಕ್ಕ ತಾನಾಗಿ ದಾರಿಗೆ ಬರುತ್ತಾಳೆ. ಅರ್ಧ ಬೆಲೆಗೆ ಕೋಣೆ, ಜೊತೆಗೆ ಬಿಟ್ಟಿ ಅಡುಗೆಯವಳು. ಸೊಂಟದ ಮೇಲೆ ಹೊತ್ತು ಬೆಳೆಸಿದ ತಮ್ಮ ಇವನು. ಕಳ್ಳ ಎಂದು ಬರೆಯಲು ಇಷ್ಟು ಹೊತ್ತು ಹಿಡಿಯಿತು. ಬರೆದೆ. ಕಳ್ಳ.

೧೭ ಮೇ, ರವಿವಾರ

ತಾತ್ಯಾನ ಚೀಟಿ. "ಮಳೆಗಿಂತ ಮೊದಲು ಗಂಟು ಇಡಬೇಕು. ಜೂನ್ ಒಂದಕ್ಕೆ ಗಾಡಿ, ಖರೀದಿ ಕಾಗದ ಎರಡೂ ತರುತ್ತೇನೆ. ನಿನ್ನ ಸಾಮಾನು ಕಟ್ಟಿಟ್ಟಿರು." ನಾನು ಯಾವಾಗ ಹೂಂ ಎಂದೆ? ಉತ್ತರ ಬರೆಯಲಿಲ್ಲ. ವಿಠೋಬಾನಿಗೆ ಹೇಳಿಕಳಿಸಿದೆ — ನಾಳೆ ಹಾರೆ ತೆಗೆದುಕೊಂಡು ಬಾ. ಬನಹಟ್ಟಿಗೂ ಹೇಳಿಕಳಿಸಿದೆ.

೨೧ ಮೇ, ಗುರುವಾರ

ಮೂರೂ ಕೋಣೆಯಲ್ಲಿ ಫರಸಿ ಕಿತ್ತಾಯಿತು. ಅರ್ಧಕ್ಕರ್ಧ ಒಡೆದವು. ಒಂದೊಂದು ಒಡೆದಾಗಲೂ ಅದರ ಬೆಲೆ ಲೆಕ್ಕ ಹಾಕಿದೆ. ಮುರಗೆಪ್ಪ ತಾನೇ ಕುಣಿ ತೋಡಿದ. ಅಂಚಿಗೆ ಕೂತು, ಕಾಲು ಇಳಿಬಿಟ್ಟು ನೋಡಿ, "ಇನ್ನ ನಾಕ ಬಟ್ಟ ಆಳ" ಎನ್ನುತ್ತ ಮತ್ತೆ ತೋಡಿದ. ತೋಡಿದ ಕೂಲಿ ಹಿಡಿದು ಬಾಡಿಗೆ ಒಂದೂವರೆಗೆ ಇಳಿಸಿದ. ಒಪ್ಪಿದೆ. ಉಳಿದೆರಡು ಕೋಣೆಗೂ ಅನಸವ್ವನ ಕಡೆಯವರೇ ಬಂದರು. ಅವರೂ ಒಂದೂವರೆ.

ತಿಂಗಳಿಗೆ ನಾಲ್ಕೂವರೆ. ಪಟ್ಟಿ, ಹಂಚು, ಸುಣ್ಣ ಕಳೆದರೆ ವರ್ಷಕ್ಕೆ ನಲವತ್ತು. ಹಾಕಿದ್ದು ತಿರುಗಿ ಬರಲು ಹದಿನಾರು ವರ್ಷ. ಅದೂ ನಾನು ಉಣ್ಣದೆ ಇದ್ದರೆ. ಉಣ್ಣಬೇಕಾದರೆ ಓಣಿಯ ಹುಡುಗಿಯರಿಗೆ ಪಾಠ ಹೇಳಬೇಕು. ಹೇಳುತ್ತೇನೆ.

೧ ಜೂನ್, ಸೋಮವಾರ, ಬೆಳಿಗ್ಗೆ ಒಂಬತ್ತು

ಮೂರೂ ಕಡೆ ಮಗ್ಗ ಶುರುವಾಗಿವೆ. ಆ ಸಪ್ಪಳಕ್ಕೆ ಗೋಡೆ ಅದುರುತ್ತದೆ. ಜಪಕ್ಕೆ ಕೂತರೆ ಎಣಿಕೆ ತಪ್ಪುತ್ತದೆ. ಬಾಡಿಗೆಯ ಜೊತೆ ಇದೂ ಬರುತ್ತದೆಂದು ಯಾರೂ ಹೇಳಿರಲಿಲ್ಲ.

ಗಾಡಿ ಬಂದವು. ಎರಡು. ನೂಲಿನ ಗಂಟು ತುಂಬಿಕೊಂಡೇ ಬಂದಿದ್ದಾನೆ ತಾತ್ಯಾ. ಕಿಟಕಿಯಿಂದ ಕಾಣುತ್ತದೆ — ಇಳಿದ. ನನ್ನನ್ನು ಕರೆಯಲೂ ಇಲ್ಲ, ನೆಟ್ಟಗೆ ಮುರಗೆಪ್ಪನ ಬಾಗಿಲು ತಳ್ಳಿದ. ಲಾಳಿ ನಿಂತಿತು.

"ಅಕ್ಕಾ, ಏನ ಮಾಡಿದಿ ಬೇ ಇದನ್ನ? ನನ್ನ ಗೋದಾಮ ಎಲ್ಲಾ ಹಾಳ ಮಾಡಿದೆಲ್ಲ!"

ನನ್ನ ಗೋದಾಮ. ಓಣಿಯೆಲ್ಲ ಕೇಳುವಂತೆ ಅವನ ಬಾಯಿಂದಲೇ ಬಂತು. ಅಳು ಬರುತ್ತಿದೆ, ಅವನೆದುರು ಮಾತ್ರ ಅಳುವುದಿಲ್ಲ. ಹೊರಗೆ ಹೋಗಿ, ಅಷ್ಟು ಮಂದಿಯ ನಡುವೆ ನಿಲ್ಲಿಸಿ ಕೇಳುತ್ತೇನೆ, ತಾತ್ಯಾ, ಯಾರ ರೊಕ್ಕದ ಗೋದಾಮ ಇದು?