ಬೂದಿ ಕಿಟಕಿ ಹತ್ತಿತು

ಲೇ ಗೂಬೆ,

ಹೇಳದೆ ಕೇಳದೆ ಕೆಲಸ ಬಿಟ್ಟುಹೋದವಳಿಗೆ ಏನನ್ನೂ ಹೇಳಬಾರದು ಅಂತಿದ್ದೆ. ಇದನ್ನೂ ಕಳಿಸುವುದಿಲ್ಲ, ಬಿಡು.

ಹುಟ್ಟಿದಾಗಿನಿಂದ ಬೆಳಕು ತಾಗದಂತೆ ನಾವಿಬ್ಬರೂ ಕತ್ತಲಕೋಣೆಯಲ್ಲಿ ಸಾಕಿದ ಬೆಕ್ಕಿನ ಮರಿಗಳ ಮಿದುಳಿನ ಸ್ಕ್ಯಾನ್ ಇವತ್ತು ಆಯಿತು. ಅಂದುಕೊಂಡ ಹಾಗೆಯೇ ನೋಟದ ಭಾಗ ಸಕ್ಕರೆಯನ್ನು ತೀರಾ ಕಡಿಮೆ ಬಳಸುತ್ತಿತ್ತು. ಆ ಬೂದಿಬಣ್ಣದ ಮರಿ, ನಮ್ಮ ಬೂದಿಯದ್ದು ಮಾತ್ರ ಬೆಳಕಿನಲ್ಲಿ ಬೆಳೆದ ಮರಿಯದ್ದರಂತೆ ಪರದೆಯ ಮೇಲೆ ಧಗಧಗ ಉರಿಯುತ್ತಿತ್ತು.

ಮೇಡಂ ಪರದೆಯಿಂದ ಕಣ್ಣು ತೆಗೆಯದೆ, "ಕತ್ತಲಕೋಣೆ ಬಾಗಿಲು ತೆಗೆದಿದ್ದು ಯಾರು? ನೀನಾ, ಅವಳಾ?" ಅಂದರು.

"ಅವಳಂತೂ ಅಲ್ಲ ಮೇಡಂ, ಅದಕ್ಕೆ ನಾನು ಗ್ಯಾರಂಟಿ" ಅಂದೆ.

ಆಮೇಲೆ ಮರಿಗಳನ್ನು ನಮ್ಮ ರೂಮಿಗೆ ತಂದು ಬುಟ್ಟಿಯಿಂದ ಬಿಟ್ಟೆ. ಉಳಿದವು ಮೇಜಿನ ಕಾಲಿಗೆ ಢಿಕ್ಕಿ ಹೊಡೆದು ತಬ್ಬಿಬ್ಬಾದವು. ಬೂದಿ ನೆಟ್ಟಗೆ ಹೋಗಿ ನಿನ್ನ ಕುರ್ಚಿಗೆ ಹಾರಿ, ಅಲ್ಲಿಂದ ಕಿಟಕಿಗೆ ಹಾರಿ, ದಿನವೂ ಕೂರುವ ಜಾಗವೆಂಬಂತೆ ರಸ್ತೆ ನೋಡುತ್ತಾ ಕೂತಿತು.

ನಾನು ಊಟಕ್ಕೆ ಹೊರಟಾಗಲೆಲ್ಲ "ನೀನ್ ಹೋಗೇ, ನಾನ್ ನೋಡ್ಕೋತೀನಿ" ಅಂತಿದ್ದೆಯಲ್ಲ, ಚೆನ್ನಾಗಿಯೇ ನೋಡಿಕೊಂಡಿದ್ದೀಯ. ನಿನ್ನನ್ನು ನಂಬಿ ಕೆಟ್ಟೆ. ನನಗೊಂದು ಮಾತು ಹೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಬೇಡ ಅನ್ನುತ್ತಿದ್ದೆ, ನಿಜ. ಎರಡು ದಿನ ಮಾತು ಬಿಡುತ್ತಿದ್ದೆ. ಆಮೇಲೆ?

ಹತ್ತಿರ ಹೋದೆ. ಕಣ್ಣು ಬಿಡುವ ಮೊದಲಿನಿಂದ ಆ ಕತ್ತಲಲ್ಲಿ ಅದಕ್ಕೆ ಹಾಲು ಕುಡಿಸಿದವಳು ನಾನು. ಬೂದಿ ನನ್ನ ಮುಖ ನೋಡಿದ್ದೇ ಬೆನ್ನು ಡೊಂಕು ಮಾಡಿ ಬುಸುಗುಟ್ಟಿತು. "ಬೂದೀ" ಎಂದು ಕರೆದ ಮೇಲಷ್ಟೇ ಬಂದು ನನ್ನ ಕೈಗೆ ತಲೆ ಉಜ್ಜಿತು.

ನಿನ್ನನ್ನಾದರೆ ನೋಡಿಯೇ ಗುರುತು ಹಿಡಿಯುತ್ತಿತ್ತು.