ಕುತ್ತಿಗೆಗೆ ಹಾಕಿದ ಬೋರ್ಡ್

೧೮ ಅಕ್ಟೋಬರ್ ೨೦೦೭, ಗುರುವಾರ, ಬಾಥೆಲ್, ಅಮೆರಿಕ

ಡಾನಾ, ನಿನಗೆ ಓದಲು ಬಾರದ ಕನ್ನಡದಲ್ಲಿ, ನನ್ನ ಡೈರಿಯಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸು.

ಬಿಳಿಯರು ಇಲ್ಲಿನ ಮೂಲನಿವಾಸಿಗಳಾದ ನಿಮ್ಮ ಟ್ರೈಬ್‌ನ ನೆಲ ಕಿತ್ತುಕೊಂಡು, ಮಕ್ಕಳನ್ನು ಬೋರ್ಡಿಂಗ್ ಸ್ಕೂಲಿಗೆ ಹಾಕಿ, ಮನೆಮಾತು ಆಡಿದ್ದಕ್ಕೆ ನಿನ್ನ ಅಜ್ಜಿಯ ಬಾಯಿಗೆ ಸೋಪು ತುರುಕಿದ್ದನ್ನು ನೀನು ಇವತ್ತು ಕ್ಲಾಸಿನಲ್ಲಿ ಹೇಳಿದೆ.

ನಾನು ನಕ್ಕು, "ನಮ್ಮ ಹಾಸ್ಟೆಲ್ಲಲ್ಲೂ ಕನ್ನಡ ಮಾತಾಡಿದ್ರೆ ಕುತ್ತಿಗೆಗೆ ಕತ್ತೆ ಅಂತ ಬೋರ್ಡ್ ಹಾಕ್ತಿದ್ರು. ಒಳ್ಳೇದೇ ಆಯ್ತು, ಇಂಗ್ಲಿಷ್ ಬಂತು" ಎಂದೆ.

"ನಮ್ಮಜ್ಜಿ ಆಮೇಲೆ ಅಮ್ಮನಿಗೂ ಆ ಭಾಷೆ ಕಲಿಸ್ಲಿಲ್ಲ" ಎಂದು ನೀನು ಎದ್ದು ಹೋದೆ.

ಒಳ್ಳೇದಾಯ್ತು ಎಂಬುದು ನಮ್ಮ ಹಾಸ್ಟೆಲ್ಲಿನ ವಾರ್ಡನ್ ಮಿಸ್ ಮಾತು. ಇಂಗ್ಲಿಷಿನಲ್ಲಿ ಅನ್ನ ಕೇಳಲು ಬಾರದೆ, ಆ ಬೋರ್ಡ್ ಹಾಕಿಕೊಂಡೇ ಊಟದಿಂದ ಹಸಿದು ಎದ್ದಿದ್ದೇನೆ. ಬಿಳಿಯರು ನಮ್ಮ ದೇಶ ಬಿಟ್ಟು ಐವತ್ತು ವರ್ಷವಾದ ಮೇಲೆ ಆ ಬೋರ್ಡ್ ಬರೆದ ಮಿಸ್ ನಮ್ಮವಳೇ, ಇವತ್ತಿನವರೆಗೂ ಅವಳನ್ನು ಹೊಗಳಿದವಳು ನಾನು. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಕ್ಷಮೆ ಕೇಳಿ ನಿನಗೆ ಇಂಗ್ಲಿಷಿನಲ್ಲಿ ಮೇಲ್ ಕಳಿಸಿದ್ದೇನೆ. ಬೇಗ ಉತ್ತರ ಕೊಡು.