ಪಿಪಾಲುಕಳ ಹೆಸರಿನ ಮೇಲೆ ಗೀಟು

ಉತ್ತರ ದಂಡೆ,
ಫೆಬ್ರವರಿ ಮೂವತ್ತು, 2219

ಪಂಪಜ್ಜಿಗೆ ಹುಲಿಗೆಮ್ಮ ಮಾಡುವ ನಮಸ್ಕಾರಗಳು.

ತಾರೀಕು ನೋಡಿ ನಗಬೇಡ. ಪಂಚಾಂಗ ತಿದ್ದಿದವರು ನಮ್ಮ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನಾನು ನಿನ್ನಿಂದ ಏಳನೇ ತಲೆಮಾರಿನವಳು. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಹೊಟ್ಟೆಗೆ ಹಾಕಿಕೊ. ಅರ್ಧ ಮನೆಯಲ್ಲಿ ಕಲಿತದ್ದು, ಇನ್ನರ್ಧ ನಿನ್ನ ದಫ್ತರಗಳಿಂದ. ಕಾಣದ ಅಜ್ಜಿಯನ್ನು ‘ನೀನು’ ಎನ್ನುತ್ತಿದ್ದೇನೆ. ನಮ್ಮ ಮನೆಯಲ್ಲಿ ಅಜ್ಜಿಯನ್ನು ‘ನೀವು’ ಎಂದವರು ಯಾರೂ ಇಲ್ಲ.

ನನ್ನದೂ ನಿನ್ನದೇ ಕೆಲಸ. ಕ್ಷಯದವರ ಜೊತೆ ಒಂದೇ ಗಾಳಿ ಕುಡಿದವರ ಹೆಸರುಗಳನ್ನು ಬರೆದಿಡುವ ಪುಸ್ತಕಕ್ಕೆ ನಾವು ಉಸಿರುಪಟ್ಟಿ ಎನ್ನುತ್ತೇವೆ. ಈಗ ಬರೆಯಲು ಹೆಸರುಗಳೇ ಇಲ್ಲ. ಹನ್ನೊಂದು ವರ್ಷದಿಂದ ಈ ದಂಡೆಯಲ್ಲಿ ಯಾರಿಗೂ ಕ್ಷಯ ಬಂದಿಲ್ಲ. ಆದರೂ ನಾನು ವಾರಕ್ಕೊಮ್ಮೆ ಮನೆಮನೆಗೆ ಹೋಗಿ, ಎದೆಗೆ ಕಿವಿಗೊಟ್ಟು, ಚಹಾ ಕುಡಿದು ಬರುತ್ತೇನೆ; ಇದೂ ಒಂದು ಕೆಲಸವೇ ಎಂದು ಅಮ್ಮ ಬೈಯುತ್ತಾಳೆ. ಹೊಸಪೇಟೆಯಿಂದ ಉತ್ತರ ಧ್ರುವದ ಹತ್ತಿರದ ಈ ದಂಡೆಗೆ ನರ್ಸ್ ಆಗಿ ನೀನೊಬ್ಬಳೇ ಬಂದಿದ್ದೆ. ಆಮೇಲೆ ಅಲ್ಲಿಯ ಬಿಸಿಲು ತಾಳದೆ ಬಂದವರಿಂದ ಇಲ್ಲೊಂದು ಕನ್ನಡ ಓಣಿಯೇ ಆಗಿದೆ. ಜೋಳ ಬೆಳೆಯುತ್ತದೆ, ರೊಟ್ಟಿ ತಟ್ಟುವ ಸದ್ದು ಮೊದಲಿನಿಂದ ಇಲ್ಲಿರುವ ಮೂಲದವರ ಮನೆಗಳಲ್ಲೂ ಕೇಳುತ್ತದೆ. ಕಡಲು ಮಾತ್ರ ನಿನ್ನ ಕಾಲದಂತೆ ಈಗ ಹೆಪ್ಪುಗಟ್ಟುವುದಿಲ್ಲ. ನಾಯಿಗಳು ಎಳೆಯುವ ಗಾಡಿಯಲ್ಲಿ ಕಫದ ಡಬ್ಬಿಗಳನ್ನು ಮಡಿಲಲ್ಲಿಟ್ಟುಕೊಂಡು ನೀನು ಊರೂರು ತಿರುಗಿದ್ದು, ಮಂಜುಗಡ್ಡೆ ಬಿರಿಯುವ ಸದ್ದಿಗೆ ಬೆಚ್ಚಿದ್ದು, ಗುರೆಳ್ಳು ಚಟ್ನಿ ಮುಗಿದ ದಿನ ಅತ್ತದ್ದು, ಎಲ್ಲವನ್ನೂ ಪಟ್ಟಿಯ ಅಂಚಿನಲ್ಲಿ ಬರೆದಿದ್ದೀಯ. ನಾನು ಎಂದೂ ಕಾಣದ ಆ ಬಿಳಿ ಕಡಲಿಗಾಗಿ ಆ ಅಂಚುಗಳನ್ನು ಮತ್ತೆ ಮತ್ತೆ ಓದುತ್ತೇನೆ.

ಆದರೆ 2034ರ ಮಾರ್ಚ್ ಒಂಬತ್ತರ ಪುಟಕ್ಕೆ ಬಂದಾಗ ಮುಂದಿನ ಹಾಳೆ ತಿರುವಲಾರೆ. ನುಕಾ ಎಂಬ ಬೇಟೆಗಾರನ ಕಫದಲ್ಲಿ ಕ್ಷಯ ಸಿಕ್ಕಿತ್ತು. ದಿನಾ ಅವನ ಪಕ್ಕ ಯಾರು ಕೂರುತ್ತಾರೆ ಎಂದು ನೀನು ಕೇಳಿದೆ. ಅವನು ಇಬ್ಬರ ಹೆಸರು ಹೇಳಿದ: ಹೆಂಡತಿ, ಮತ್ತೆ ತನ್ನ ಅವ್ವ ಪಿಪಾಲುಕ್. ನೀನು ಸತ್ತವರ ದಾಖಲೆ ತೆಗೆದು ನೋಡಿದೆ. ಅವನ ಅವ್ವ ಹಿಂದಿನ ಅಕ್ಟೋಬರಿನಲ್ಲೇ ತೀರಿಕೊಂಡಿದ್ದಳು. ‘ಜ್ವರದ ಬಡಬಡಿಕೆ’ ಎಂದು ಅಂಚಿನಲ್ಲಿ ಬರೆದು, ಹೆಸರಿನ ಮೇಲೆ ಗೀಟೆಳೆದೆ.

ಇಲ್ಲಿಯ ಮೂಲದವರು ಸತ್ತವರ ಹೆಸರನ್ನು ಆಮೇಲೆ ಹುಟ್ಟುವ ಕೂಸಿಗೆ ಇಡುತ್ತಾರೆ. ಹೆಸರಿನ ಜೊತೆ ಆ ಜೀವವೂ ಬಂತೆಂದು ನಂಬುತ್ತಾರೆ. ನುಕಾನ ತಂಗಿಯ ನಾಲ್ಕು ತಿಂಗಳ ಮಗುವೇ ಈ ಪಿಪಾಲುಕ್. ಅವ್ವ ಸ್ವಲ್ಪ ಹೊತ್ತು ಮಗನ ಹತ್ತಿರ ಇರಲಿ ಎಂದು ತಂಗಿ ದಿನಾ ಮಧ್ಯಾಹ್ನ ಕೂಸನ್ನು ಬೆನ್ನ ಮೇಲೆ ಹೊತ್ತು ತಂದು ಅವನ ತೊಡೆಯ ಮೇಲೆ ಬಿಡುತ್ತಿದ್ದಳು. ಬೇರೆಯವರು ಎಡವಿದ್ದರೆ ನಾನು ಸುಮ್ಮನಿರುತ್ತಿದ್ದೆ. ನೀನು ನಿಮ್ಮಪ್ಪನ ಅವ್ವನ ಹೆಸರು ಹೊತ್ತವಳು. ಸಾಯುವ ತನಕ ನಿಮ್ಮಪ್ಪ ನಿನ್ನನ್ನು ‘ಅವ್ವಾ’ ಎಂದೇ ಕೂಗಿದರು, ಒಂದು ದಿನವೂ ಬೈಯಲಿಲ್ಲ ಎಂದು ನೀನೇ ಬರೆದಿದ್ದೀಯ. ದೀಪದ ಬುಡದಲ್ಲೇ ಕತ್ತಲೆ ಅಜ್ಜಿ, ಏನು ಹೇಳಲಿ.

ಮೇ ಇಪ್ಪತ್ತರ ಪುಟದಲ್ಲಿ ಪಿಪಾಲುಕಳ ಹೆಸರು ಮತ್ತೆ ಬರುತ್ತದೆ, ಸತ್ತವರ ಸಾಲಿನಲ್ಲಿ. ಹೆಸರಿಗೆ ಗೀಟು ಬಿದ್ದದ್ದರಿಂದ ಕೂಸಿಗೆ ಯಾರೂ ಔಷಧಿ ಕೊಟ್ಟಿರಲಿಲ್ಲ, ಕ್ಷಯ ಮೆದುಳಿಗೆ ಏರಿತ್ತು. ಕೆಳಗೆ ‘ನನ್ನ ತಪ್ಪು’ ಎಂದಷ್ಟೇ ಇದೆ. ಮರುದಿನ ನೀನು ಪಟ್ಟಿಗೆ ಹೊಸ ಖಾನೆ ಸೇರಿಸಿದೆ: ‘ಯಾರ ಹೆಸರು ಹೊತ್ತವರು?’ ಆ ಖಾನೆಯಿಂದಲೇ ತಪ್ಪಿಹೋಗುತ್ತಿದ್ದ ಕೂಸುಗಳು ಸಿಕ್ಕವು, ಕ್ಷಯ ಈ ದಂಡೆ ಬಿಟ್ಟು ಕಾಲ್ತೆಗೆಯಿತು ಎಂದು ನಮ್ಮ ಶಾಲೆಯಲ್ಲಿ ಪಾಠವಿದೆ. ನಿನ್ನ ಹೆಸರಿನಲ್ಲಿ ಒಂದು ದಿನ ರಜೆಯೂ ಉಂಟು.

ಈ ಕಾಗದವನ್ನು ಆ ಮಾರ್ಚ್ ಪುಟದೊಳಗೆ ಇಡುತ್ತಿದ್ದೇನೆ. ಹೇಗೆ ತಲುಪೀತೋ ನನಗೂ ತಿಳಿಯದು. ಗೀಟೆಳೆಯುವ ಮೊದಲೇ ಸಿಕ್ಕರೆ ಪೆನ್ನು ಕೆಳಗಿಟ್ಟು ನುಕಾನ ತಂಗಿಯ ಮನೆಗೆ ನಡೆ, ಮಗುವಿಗೆ ಔಷಧಿ ಶುರು ಮಾಡು. ಹಾಗಾದರೆ ಆ ಖಾನೆಯೇ ಹುಟ್ಟದೆ ಹೋದೀತು, ನಮ್ಮ ಕಾಲದಲ್ಲೂ ಜನ ಕೆಮ್ಮಿಯಾರು ಎಂದು ಜೊತೆಯವರು ಹೆದರಿಸುತ್ತಾರೆ. ಕೆಮ್ಮಿದರೆ ಕೆಮ್ಮಲಿ, ಇಲ್ಲಿ ನಾನಿದ್ದೇನೆ, ಮನೆಮನೆ ತಿರುಗುವುದು ನನಗೆ ಗೊತ್ತು. ನೀನು ಹೊರಡು ಅಜ್ಜಿ. ನಿನ್ನ ಕಾಲದಲ್ಲಿ ಆ ಕೂಸು ಇನ್ನೂ ಬದುಕಿದೆ.

ನಿನ್ನ,
ಹುಲಿಗೆಮ್ಮ